ವಿದೇಶಕ್ಕೆ ಒಯ್ಯಲು ಕಾಚಂಪುಳಿ: ಯಾವ ಸೀಸೆ ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕೊಡಗಿನಿಂದ ದುಬೈಗೋ ಮೆಲ್ಬರ್ನ್‌ಗೋ ಟೊರಾಂಟೊಗೋ ಹೊರಡುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಸಾಮಾನು ಇದ್ದೇ ಇರುತ್ತವೆ: ಕಾಫಿ ಪುಡಿ, ಕರಿಮೆಣಸು, ಜೇನು, ಮತ್ತೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಕಾಯಿಸಿ ಮಾಡಿದ, ಪಂದಿ ಕರಿಗೆ (ಕೊಡಗಿನ ಹಂದಿ ಮಾಂಸದ ಅಡುಗೆಗೆ) ಹಾಕುವ ಕಪ್ಪು ಹುಳಿ. ಮೊದಲ ಮೂರನ್ನು ಬಿಟ್ಟು ಹೋದರೂ ಅಲ್ಲಿ ಹೇಗೋ ನಡೆಯುತ್ತದೆ. ಕಾಫಿಗೆ ಬದಲಿ ಕಾಫಿ ಇದೆ, ಮೆಣಸು ಯಾವುದೇ ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಕಾಚಂಪುಳಿ ಮಾತ್ರ ಹಾಗಲ್ಲ. ಆದರೆ ಹೋದವರೆಲ್ಲ ಒಳ್ಳೆಯದನ್ನೇ ಒಯ್ಯುತ್ತಾರೆ ಎನ್ನುವಂತಿಲ್ಲ. ನೀರು ಬೆರೆತದ್ದು, ಅರೆಬರೆ ಕುದಿಸಿದ್ದು, ವಿನೆಗರ್ ಹಾಕಿ ಹುಳಿ ಏರಿಸಿದ್ದು ಎಲ್ಲವೂ ಒಂದೇ ಕರಿ ಬಣ್ಣದಲ್ಲಿ ಒಂದೇ ಕಪಾಟಿನಲ್ಲಿ ಕೂತಿರುತ್ತವೆ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಪೇಟೆಗಳಲ್ಲಿ ಸಿಗುವ ಕಾಚಂಪುಳಿಯನ್ನು ಮೂರು ಬಗೆಯಾಗಿ ನೋಡಬಹುದು. ಒಂದು, ಪರಿಚಯದ ಮನೆಯವರು ಕಾಯಿಸಿ ಹಳೆಯ ಸೀಸೆಯಲ್ಲಿ ತುಂಬಿ ಕೊಡುವುದು. ಎರಡು, ಪ್ರವಾಸಿಗರಿಗಾಗಿ ರಸ್ತೆ ಬದಿಯಲ್ಲಿ ಇರುವ ‘ಹೋಮ್ ಮೇಡ್’ ಅಂಗಡಿಗಳಲ್ಲಿ ಚಾಕೊಲೇಟು, ವೈನಿನ ಪಕ್ಕದಲ್ಲಿ ಇಟ್ಟಿರುವ ಪುಟ್ಟ ಸೀಸೆ. ಮೂರು, ತಯಾರಕರ ವಿಳಾಸ, ತಯಾರಿಸಿದ ದಿನಾಂಕ, ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಎಲ್ಲ ಇರುವ, ಸೀಲು ಹಾಕಿದ ಸೀಸೆ.

ನಾಲಿಗೆಯ ತೀರ್ಪು ಕೇಳಿದರೆ ಮೊದಲನೆಯದಕ್ಕೇ ಹೆಚ್ಚು ಅಂಕ. ವಿಮಾನ ಹತ್ತುವವರಿಗೆ ಮಾತ್ರ ಮೂರನೆಯದು. ಎರಡನೆಯದನ್ನು ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಅಲ್ಲಿಯೂ ಚೆನ್ನಾಗಿರುವುದು ಸಿಗುತ್ತದೆ, ಆದರೆ ಅದೇ ಅಂಗಡಿಯಲ್ಲಿ ಈ ಬಾರಿ ಕೊಂಡದ್ದಕ್ಕೂ ಮುಂದಿನ ಬಾರಿ ಕೊಂಡದ್ದಕ್ಕೂ ತಾಳೆಯಾಗುವುದು ಕಷ್ಟ.

ಮಾಡುವ ಕ್ರಮ ಗೊತ್ತಿದ್ದರೆ ಆರಿಸುವುದು ಸುಲಭ. ಗಾರ್ಸಿನಿಯಾ ಗಮ್ಮಿ-ಗಟ್ಟ ಮರದ ಹಣ್ಣು ಇದಕ್ಕೆ ಮೂಲ. ಮಲೆನಾಡಿನ ಕಡೆ ಉಪ್ಪಾಗೆ ಅನ್ನುವುದು ಇದನ್ನೇ, ಕೇರಳದವರ ಕೊಡಂಪುಳಿ ಬರುವುದೂ ಇದೇ ಮರದಿಂದ. ಪುನರ್ಪುಳಿ ಬೇರೆ ಮರ, ಅದರ ಕೆಂಪು ಶರಬತ್ತಿಗೂ ಇದಕ್ಕೂ ಸಂಬಂಧವಿಲ್ಲ. ಮಳೆಗಾಲದಲ್ಲಿ ಮಾಗಿ ಬಿದ್ದ ಹಣ್ಣನ್ನು ಆರಿಸಿ ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ, ನೀರಿನಂಶ ಹೋಗಿ ಕಪ್ಪಾಗಿ ಮಂದವಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಅದಕ್ಕೆ ಬೇರೇನೂ ಸೇರಿಸಬೇಕಾಗಿಲ್ಲ. ಹುಳಿ ಬರುವುದು ಹೆಚ್ಚಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ. ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ ‘ಗಾರ್ಸಿನಿಯಾ’ ಎಂದು ಬರೆದಿರುವುದೂ ಇದನ್ನೇ. ಹಾಗಂತ ಪಂದಿ ಕರಿ ಉಂಡು ಹೊಟ್ಟೆ ಕರಗಲಿ ಎಂದು ಕಾಯುವ ಅಗತ್ಯವಿಲ್ಲ.

ಎಲ್ಲ ತಕರಾರೂ ಶುರುವಾಗುವುದು ಕಾಯಿಸುವ ಹಂತದಲ್ಲಿ. ಒಲೆಯನ್ನು ಬೇಗ ಆರಿಸಿದಷ್ಟೂ ಅಳತೆ ಹೆಚ್ಚು ಸಿಗುತ್ತದೆ. ಅದೇ ಹಣ್ಣಿನಿಂದ ಎರಡು ಸೀಸೆ ಹೆಚ್ಚು ತುಂಬಬಹುದು. ಹಾಗೆ ಅರ್ಧಕ್ಕೆ ಇಳಿಸಿದ್ದು ಇಲ್ಲಿನ ಅಡುಗೆಮನೆಯಲ್ಲಿ ಒಂದಷ್ಟು ದಿನ ತಡೆದೀತು. ಪೆಟ್ಟಿಗೆಯಲ್ಲಿ ಕೂತು ಸೆಕೆಯ ಊರಿಗೆ ಹೋದರೆ ಮತ್ತೆ ಹುದುಗಲು ಹತ್ತುತ್ತದೆ, ಮುಚ್ಚಳ ಉಬ್ಬುತ್ತದೆ.

ಅಂಗಡಿಯಲ್ಲಿ ಸೀಸೆ ತೆರೆಯಲು ಬಿಡುವುದಿಲ್ಲ, ತೆರೆಯುವ ಅಗತ್ಯವೂ ಇಲ್ಲ. ಬೆಳಕಿಗೆ ಹಿಡಿದು ಸೀಸೆಯನ್ನು ತಲೆಕೆಳಗು ಮಾಡಿ, ಒಳಗಿನ ಗಾಳಿಗುಳ್ಳೆ ಮೇಲೇರುವುದನ್ನು ನೋಡಿ. ಮಂದ ಕಾಚಂಪುಳಿಯಲ್ಲಿ ಗುಳ್ಳೆ ತಡವರಿಸುತ್ತಾ, ದಾರಿ ಮಾಡಿಕೊಳ್ಳುತ್ತಾ ಏರುತ್ತದೆ. ನೀರು ಬೆರೆತದ್ದರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮೇಲೆ ತಲುಪಿರುತ್ತದೆ. ಆಮೇಲೆ ಸೀಸೆಯನ್ನು ನೆಟ್ಟಗೆ ನಿಲ್ಲಿಸಿ ಗಾಜಿನ ಗೋಡೆ ನೋಡಿ. ಒಳ್ಳೆಯದಾದರೆ ಕಂದು ಬಣ್ಣದ ಪದರ ಅಂಟಿಕೊಂಡು ನಿಧಾನವಾಗಿ ಕೆಳಗಿಳಿಯುತ್ತದೆ, ತೆಳುವಾದದ್ದು ಗಾಜನ್ನು ತೊಳೆದಂತೆ ಬಿಟ್ಟು ಹೋಗುತ್ತದೆ. ತಳದಲ್ಲಿ ಸ್ವಲ್ಪ ಗಸಿ ಇದ್ದರೆ ಹೆದರಬೇಡಿ, ಅದು ಹಣ್ಣಿನದು. ಮೇಲೆ ಬಿಳಿ ಪೊರೆ ಕಟ್ಟಿದ್ದರೆ, ಮುಚ್ಚಳ ಉಬ್ಬಿದ್ದರೆ, ಕುತ್ತಿಗೆಯಲ್ಲಿ ನೊರೆ ನಿಂತಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಎರಡು ಪರೀಕ್ಷೆ. ಒಂದು ಹನಿಯನ್ನು ಒಣ ಸ್ಟೀಲ್ ತಟ್ಟೆಯ ಮೇಲೆ ಹಾಕಿದರೆ ಅದು ಗುಂಡಗೆ ನಿಲ್ಲಬೇಕು, ಹರಡಿ ಓಡಬಾರದು. ಮೂಸಿದರೆ ಹಣ್ಣಿನ, ತುಸು ಹೊಗೆಯ ವಾಸನೆ ಬರಬೇಕು. ಮೂಗಿಗೆ ಸರ್ರನೆ ಹೊಡೆದು ಕಣ್ಣಲ್ಲಿ ನೀರು ತರಿಸಿದರೆ ಅಲ್ಲಿ ವಿನೆಗರ್ ಸೇರಿದೆ. ನಾಲಿಗೆಗೆ ಮೊದಲು ಸಿಹಿ ತಗುಲಿದರೆ ಬೆಲ್ಲವೋ ಸುಟ್ಟ ಸಕ್ಕರೆಯೋ ಬಣ್ಣಕ್ಕೆ ಬಿದ್ದಿದೆ. ತೆಳುವಾಗಿದೆ ಅನ್ನುವುದಷ್ಟೇ ದೋಷವಾದರೆ ಸರಿಮಾಡಬಹುದು: ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಚಮಚದ ಬೆನ್ನಿಗೆ ಅಂಟುವ ಹದಕ್ಕೆ ತಂದು, ಪೂರ್ತಿ ಆರಿಸಿ ಒಣ ಸೀಸೆಗೆ ತುಂಬಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಈ ಹುಳಿ ಅದನ್ನು ತಿನ್ನುತ್ತದೆ. ಕಿಟಕಿ ತೆರೆದಿಡಿ, ಆ ಆವಿಗೆ ಮನೆಯವರೆಲ್ಲ ಕೆಮ್ಮುತ್ತಾರೆ.

ಎಷ್ಟು ಒಯ್ಯಬೇಕು? ಒಂದು ಕೆ.ಜಿ. ಹಂದಿ ಮಾಂಸಕ್ಕೆ ಮಂದವಾದದ್ದು ಒಂದು ಟೇಬಲ್ ಚಮಚ, ಅಂದರೆ 15 ಮಿ.ಲೀ. ಸಾಕು. 250 ಮಿ.ಲೀ. ಸೀಸೆಯಲ್ಲಿ ಹದಿನಾರು ಕೆ.ಜಿ. ಮಾಂಸದ ಅಡುಗೆ ಆಗುತ್ತದೆ. ಗಂಡ ಹೆಂಡತಿ ಇರುವ ಮನೆಯಲ್ಲಿ ತಿಂಗಳಿಗೊಮ್ಮೆ ಪಂದಿ ಕರಿ, ಆಗಾಗ ಮೀನು ಎಂದರೂ ಒಂದು ವರ್ಷಕ್ಕೆ ಇದು ಬೇಕಾದಷ್ಟು. ತೆಳುವಾದದ್ದು ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಲೀಟರ್ ಕೊಂಡರೆ ಮೂರು ಚಮಚ ಹಾಕಬೇಕಾಗುತ್ತದೆ, ಲಗೇಜಿನ ತೂಕವೂ ಅಷ್ಟೇ ಏರುತ್ತದೆ. ಚಮಚದ ಲೆಕ್ಕದಲ್ಲಿ ನೋಡಿದರೆ ದುಬಾರಿ ಸೀಸೆಯೇ ಅಗ್ಗ.

ಪ್ಯಾಕಿಂಗಿಗೆ ಬರೋಣ. 100 ಮಿ.ಲೀ. ದಾಟಿದ ದ್ರವ ಕೈಚೀಲದಲ್ಲಿ ಹೋಗುವುದಿಲ್ಲ, ಆದ್ದರಿಂದ ದೊಡ್ಡ ಪೆಟ್ಟಿಗೆಗೇ ಹಾಕಬೇಕು. ತಗಡಿನ ಮುಚ್ಚಳದ ಸೀಸೆ ಬೇಡ, ಹುಳಿಗೆ ತುಕ್ಕು ಹಿಡಿದು ತಿರುಪು ಕಚ್ಚಿಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಮುಚ್ಚಳದ ಗಾಜು ಅಥವಾ ದಪ್ಪ ಪೆಟ್ ಸೀಸೆ ಆಗಬಹುದು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿ ಮಾಡಿ, ಸುತ್ತ ಟೇಪು ಹಾಕಿ, ಎರಡು ಜಿಪ್ ಚೀಲದಲ್ಲಿ ಹಾಕಿ ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗೆ ನೆಟ್ಟಗೆ ಕೂರಿಸಿ. ಹೊರಗೆ ಚೆಲ್ಲಿದರೆ ಆ ಕಲೆ ಬಟ್ಟೆಯಿಂದ ಹೋಗುವುದು ಕಷ್ಟ. ಸೋರುವುದಕ್ಕೆ ಕಾರಣ ಗಾಳಿಯ ಒತ್ತಡ. ಹಾರಾಟದಲ್ಲಿ ವಿಮಾನದ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಜಾಗದಲ್ಲಿ ಇರುವಷ್ಟೇ. ಸಮುದ್ರ ಮಟ್ಟದಲ್ಲಿ ಮುಚ್ಚಿದ ಸೀಸೆಯ ಗಾಳಿ ಅಲ್ಲಿ ಹಿಗ್ಗಿ ದ್ರವವನ್ನು ಹೊರಗೆ ದೂಡುತ್ತದೆ. ಮಡಿಕೇರಿ ಇರುವುದೇ ಸುಮಾರು 1,170 ಮೀಟರ್ ಎತ್ತರದಲ್ಲಿ. ಇಲ್ಲಿಯೇ ಬಿಗಿಯಾಗಿ ಮುಚ್ಚಿ, ಕೆಳಗಿನ ಊರಿನಲ್ಲಿ ತೆರೆಯದೆ ಒಯ್ದರೆ ಆ ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ನೆಂಟರ ಮನೆಯಲ್ಲಿ ಇಳಿದು ‘ಸ್ವಲ್ಪ ಕೊಡಿ’ ಎಂದು ಕೇಳಿದರೆ ಅವರಿಗೆ ಬೇರೆ ಸೀಸೆ ಇರಲಿ.

ದಾರಿಯ ವಿಷಯ ಒಂದೇ ಮಾತು. ವಿರಾಜಪೇಟೆ ಕಡೆಯವರಿಗೆ 2018ರಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರ, ಗಲ್ಫ್ ವಿಮಾನಗಳೂ ಅಲ್ಲಿಂದ ಇವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಇಳಿಯುವ ಮಾಕುಟ್ಟ ಘಾಟಿಯನ್ನು ನಂಬಿ ಕೊನೆ ಗಳಿಗೆಯಲ್ಲಿ ಹೊರಡಬೇಡಿ. ಸಂಪಾಜೆ ಇಳಿದು ಮಂಗಳೂರಿಗೆ ಹೋಗುವವರಿಗೂ ಇದೇ ಮಾತು.

ಇನ್ನು ಆ ಕಡೆಯ ಕಸ್ಟಮ್ಸ್. ಇಲ್ಲಿ ಮನೆಯಲ್ಲಿ ತುಂಬಿದ ಸೀಸೆ ಸೋಲುತ್ತದೆ. ಹಳೆಯ ರಮ್ ಸೀಸೆಯಲ್ಲಿ ಹೆಸರಿಲ್ಲದ ಕಪ್ಪು ದ್ರವ ಹಿಡಿದು ಮದ್ಯ ನಿಷೇಧದ ದೇಶದಲ್ಲಿ ಇಳಿಯುವುದು ಜಾಣತನವಲ್ಲ. ಒಳಗೆ ಇರುವುದು ಎಷ್ಟೇ ಒಳ್ಳೆಯ ಮನೆಯ ಕಾಚಂಪುಳಿಯಾದರೂ ಅದನ್ನು ಅಧಿಕಾರಿಗೆ ವಿವರಿಸುವ ಹೊತ್ತು ಅದಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಿನ್ನುವ ಸಾಮಾನು ಯಾವುದೇ ಇರಲಿ, ಬರುವಾಗ ಕಾರ್ಡಿನಲ್ಲೋ ಆನ್‌ಲೈನ್ ನಮೂನೆಯಲ್ಲೋ ಘೋಷಿಸಲೇಬೇಕು. ಘೋಷಿಸಿದರೆ ಹೆಚ್ಚೆಂದರೆ ತೆಗೆದುಕೊಂಡು ಬಿಸಾಡುತ್ತಾರೆ, ಮುಚ್ಚಿಟ್ಟರೆ ದಂಡ. ನ್ಯೂಜಿಲೆಂಡ್‌ನಲ್ಲಿ ಸ್ಥಳದಲ್ಲೇ 400 ಡಾಲರ್. ಲೇಬಲ್ ಮೇಲೆ ಇಂಗ್ಲಿಷಿನಲ್ಲಿ ಪದಾರ್ಥ ಯಾವುದೆಂದು, ಹಣ್ಣಿನ ರಸವನ್ನು ಕಾಯಿಸಿ ಮಾಡಿದ್ದು ಎಂದು ಬರೆದಿದ್ದರೆ ಮಾತು ಬೇಗ ಮುಗಿಯುತ್ತದೆ. ಕೊಳ್ಳುವಾಗಲೇ ಅದನ್ನು ನೋಡಿಕೊಳ್ಳಿ. ಕೆಲವು ಸೀಸೆಗಳ ಮೇಲೆ ‘ಕೂರ್ಗ್ ವಿನೆಗರ್’ ಎಂದಷ್ಟೇ ಇರುತ್ತದೆ, ಅದು ಯಾರಿಗೂ ಸಾಕಾಗುವುದಿಲ್ಲ.

ಅದೇ ಪೆಟ್ಟಿಗೆಗೆ ಹೋಗುವ ಇತರ ಸಾಮಾನಿನ ಬಗ್ಗೆಯೂ ಎಚ್ಚರ ಬೇಕು, ಏಕೆಂದರೆ ಒಂದು ಹಿಡಿದರೆ ಎಲ್ಲವನ್ನೂ ಬಿಚ್ಚಿಸುತ್ತಾರೆ. ಪಂದಿ ಉಪ್ಪಿನಕಾಯಿ ಯುರೋಪಿಯನ್ ಒಕ್ಕೂಟ, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಎಲ್ಲಿಗೂ ನಡೆಯದು, ಸೌದಿಯ ಮಾತೇ ಬೇಡ. ಜೇನನ್ನು ನ್ಯೂಜಿಲೆಂಡ್ ಬಿಡುವುದಿಲ್ಲ. ಕೋಳಿ ಕರಿಗೆಂದು ಕಟ್ಟಿಕೊಡುವ ಗಸಗಸೆ ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಅಜ್ಜಿ ಪ್ರೀತಿಯಿಂದ ಕಟ್ಟಿದ ಪೊಟ್ಟಣ ಎಂಬ ವಾದ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಆ ಪೊಟ್ಟಣವನ್ನು ಮನೆಯಲ್ಲೇ ತೆಗೆದಿಡಿ. ಒಣಕೊಬ್ಬರಿಯನ್ನು ಇಲ್ಲಿನ ವಿಮಾನ ನಿಲ್ದಾಣದಲ್ಲೇ ಚೆಕ್-ಇನ್ ಪೆಟ್ಟಿಗೆಯಿಂದ ತೆಗೆಸುತ್ತಾರೆ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ತಾನಾಗಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿದೆ.

ಮಸಾಲೆಯನ್ನು ಊರಿನಲ್ಲಿಯೇ ಹುರಿದು ಪುಡಿ ಮಾಡಿ ಒಯ್ಯುವುದು ಉತ್ತಮ. ಕಾರಣ ಎರಡು. ಇಡೀ ಕಾಳು ಮೊಳೆಯಬಹುದು ಎಂದು ಕೆಲವು ದೇಶಗಳಲ್ಲಿ ತಪಾಸಣೆ ಹೆಚ್ಚು. ಎರಡನೆಯದು ಹೊಗೆ. ಪಂದಿ ಕರಿಯ ಕಪ್ಪು ಪುಡಿಗೆ ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯವನ್ನು ಸೀಯುವ ಅಂಚಿನವರೆಗೆ ಹುರಿಯಬೇಕು. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ, ಅದೂ ಚಳಿಗಾಲದಲ್ಲಿ, ಇದನ್ನು ಹುರಿದರೆ ಹೊಗೆಯ ಅಲಾರಂ ಬಡಿದು ಪಕ್ಕದ ಮನೆಯವರು ಮೆಟ್ಟಿಲಿಳಿಯುತ್ತಾರೆ. ಒಂದು ಕೆ.ಜಿ. ಮಾಂಸಕ್ಕೆ ಕೊತ್ತಂಬರಿ ಎರಡು ಟೇಬಲ್ ಚಮಚ, ಮೆಣಸು ಒಂದರಿಂದ ಒಂದೂವರೆ, ಜೀರಿಗೆ, ಸಾಸಿವೆ ಒಂದೊಂದು ಟೀ ಚಮಚ, ಮೆಂತ್ಯ ಕಾಲು ಟೀ ಚಮಚ. ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಿರಿ, ಎಲ್ಲ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಕಹಿಯಾಗಿರುತ್ತದೆ. ಪುಡಿಯನ್ನು ಫ್ರೀಜರಿನಲ್ಲಿಟ್ಟರೆ ಘಮ ಹೆಚ್ಚು ದಿನ ಉಳಿಯುತ್ತದೆ.

ಸೀಸೆ ಸರಿಯಿದ್ದೂ ಅಲ್ಲಿ ಪಂದಿ ಕರಿ ಸಪ್ಪೆಯಾಯಿತು ಎನ್ನುವವರು ಬಹಳ. ಹತ್ತರಲ್ಲಿ ಎಂಟು ಸಲ ದೋಷ ಮಾಂಸದ್ದು, ಕಾಚಂಪುಳಿಯದ್ದಲ್ಲ. ಸೂಪರ್ ಮಾರ್ಕೆಟಿನಲ್ಲಿ ಚರ್ಮ, ಕೊಬ್ಬು ಎರಡನ್ನೂ ಸವರಿ ತೆಗೆದ ಒಣ ಮಾಂಸ ಸಿಗುತ್ತದೆ. ಹುಳಿಯನ್ನು ತಡೆದುಕೊಳ್ಳುವುದು ಕೊಬ್ಬು, ಅದಿಲ್ಲದಿದ್ದರೆ ಒಂದು ಚಮಚವೂ ಚುಚ್ಚುತ್ತದೆ. ಭುಜದ ಮಾಂಸ ಅರ್ಧ, ಚರ್ಮ ಇರುವ ಹೊಟ್ಟೆಯ ಭಾಗ ಅರ್ಧ ತೆಗೆದುಕೊಳ್ಳಿ. ಚರ್ಮದ ಸಮೇತ ಬೇಕಿದ್ದರೆ ಚೀನೀ ಅಥವಾ ವಿಯೆಟ್ನಾಮೀ ಮಾಂಸದಂಗಡಿಗೆ ಹೋಗಿ. ಯುಎಇಯಲ್ಲಿ ಕೆಲವು ಸೂಪರ್ ಮಾರ್ಕೆಟುಗಳಲ್ಲಿ ಮುಸ್ಲಿಮೇತರರಿಗೆಂದು ಬೇರೆ ಕೋಣೆಯಲ್ಲಿ ಹಂದಿ ಮಾಂಸ ಇಟ್ಟಿರುತ್ತಾರೆ. ಸೌದಿ, ಕುವೈತ್‌ಗಳಲ್ಲಿ ಅದು ನಿಷಿದ್ಧ. ಅಲ್ಲಿರುವವರು ಸೀಸೆಯನ್ನು ಮೀನಿಗೆ ಇಟ್ಟುಕೊಳ್ಳಬಹುದು: ಅರ್ಧ ಕೆ.ಜಿ. ಮೀನಿಗೆ ಎರಡು ಟೀ ಚಮಚ. ಅಣಬೆಗಾದರೆ ಕಾಲು ಕೆ.ಜಿ.ಗೆ ಅರ್ಧ ಟೀ ಚಮಚಕ್ಕಿಂತ ಹೆಚ್ಚು ಬೇಡ. ಪೇಟೆಯ ಬಿಳಿ ಅಣಬೆಗೆ ನಮ್ಮ ಕಾಡಿನ ಅಣಬೆ ಕುಮ್ಮಿನ ಗಟ್ಟಿತನವಿಲ್ಲ, ಹುಳಿ ಅದನ್ನು ಮುಳುಗಿಸಿಬಿಡುತ್ತದೆ.

ಹಾಕುವ ಹೊತ್ತೂ ಮುಖ್ಯ. ಮಾಂಸ ಬೆಂದು, ಕಪ್ಪು ಪುಡಿ ಸೇರಿಸಿ, ಇಳಿಸಲು ಹತ್ತು ನಿಮಿಷ ಇರುವಾಗ ಹಾಕಿ. ಮೊದಲೇ ಸುರಿದರೆ ಈರುಳ್ಳಿ ಕರಗದೆ ಹೋಳು ಹೋಳಾಗಿ ಉಳಿಯುತ್ತದೆ, ಏಕೆಂದರೆ ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಎಣ್ಣೆ ಪದರ ಬಿದ್ದಿಲ್ಲದ ಕಬ್ಬಿಣದ ಬಾಣಲೆಯಲ್ಲಿ ಹಾಕಿದರೆ ಲೋಹದ ರುಚಿ ಬರುತ್ತದೆ. ಹುಳಿ ಜಾಸ್ತಿಯಾದರೆ ಸಕ್ಕರೆ ಹಾಕಿ ಮುಚ್ಚಿಹಾಕುವ ಬದಲು ಕೊಬ್ಬಿನ ನಾಲ್ಕು ತುಂಡು ಬೇಯಿಸಿ ಸೇರಿಸಿ, ರಾತ್ರಿ ಇಟ್ಟು ಮರುದಿನ ಬಡಿಸಿ.

ಪಂದಿ ಕರಿಯ ಪಕ್ಕದ ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆಗೆ) ಅಲ್ಲಿನ ಇಡ್ಲಿ ರವೆ ತರಬೇಡಿ. ಅದು ಹೆಚ್ಚಾಗಿ ಕುಸುಬಲಕ್ಕಿಯದು, ಉಂಡೆ ಬಿರುಕು ಬಿಡುತ್ತದೆ. ಬೆಳ್ತಿಗೆ ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಆರಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ತರಿ ಸಿಗುತ್ತದೆ. ತರಿ ಒಂದು ಲೋಟಕ್ಕೆ ನೀರು ಎರಡು. ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ದುಬೈ, ಟೊರಾಂಟೊಗಳಲ್ಲಿ ನೂರರ ಹತ್ತಿರ. ಹಾಗಾಗಿ ಮನೆಯ ಲೆಕ್ಕಕ್ಕಿಂತ ಎರಡು ಮೂರು ನಿಮಿಷ ಮೊದಲೇ ಮುಚ್ಚಳ ತೆಗೆದು ನೋಡಿ. ಸುಮಾರು 1,045 ಮೀಟರ್ ಎತ್ತರದ ಕ್ಯಾಲ್ಗರಿಯಲ್ಲಿರುವವರಿಗೆ ಊರಿನ ಲೆಕ್ಕವೇ ಸರಿಹೋಗುತ್ತದೆ. ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಒಣಗಿರುವುದರಿಂದ ಹಬೆಯಿಂದ ತೆಗೆದ ಉಂಡೆ ಬೇಗ ತೊಗಟೆ ಕಟ್ಟುತ್ತದೆ, ಒದ್ದೆ ಬಟ್ಟೆ ಮುಚ್ಚಿಡಿ. ಆಟಿ ತಿಂಗಳ ಮಳೆಯಲ್ಲಿ ಬಟ್ಟೆಯೇ ಒಣಗದ ಊರಿನವರಿಗೆ ಇದು ಹೊಳೆಯುವುದಿಲ್ಲ.

ಚಳಿಗೆ ಕಾಚಂಪುಳಿ ಇನ್ನೂ ಮಂದವಾಗಿ ಸೀಸೆಯಿಂದ ಇಳಿಯದಿದ್ದರೆ ಬಿಸಿ ನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿ. ಮೈಕ್ರೋವೇವ್ ಬೇಡ, ನೀರು ಬೆರೆಸುವುದಂತೂ ಬೇಡವೇ ಬೇಡ. ಒಂದು ಹನಿ ನೀರಿರುವ ಚಮಚ ಅದ್ದಿದರೂ ಪೊರೆ ಕಟ್ಟಲು ದಾರಿಯಾಗುತ್ತದೆ. ಚೆನ್ನಾಗಿ ಕಾಯಿಸಿದ್ದು, ಒಣ ಚಮಚ ಬಳಸಿದ್ದು ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಕೆಡುವುದಿಲ್ಲ. ಗಲ್ಫಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಮರೆತು ಬಿಡಬೇಡಿ.

ಸೀಸೆ ಖಾಲಿಯಾಗಿ ಊರಿನಿಂದ ಬರುವವರು ಯಾರೂ ಇಲ್ಲದಿದ್ದರೆ ಮಲಯಾಳಿ ಅಂಗಡಿಯ ಕೊಡಂಪುಳಿಯೇ ಹತ್ತಿರದ ಬದಲಿ. ನಿಂಬೆ, ಹುಣಸೆ, ಬಾಲ್ಸಮಿಕ್ ಮೂರೂ ಬೇರೆ ಜಾತಿಯ ಹುಳಿಗಳು. ಬಾಲ್ಸಮಿಕ್ ಬಣ್ಣಕ್ಕಷ್ಟೇ ಹೊಂದುತ್ತದೆ, ಸಿಹಿಯಿಂದ ಕೆಡಿಸುತ್ತದೆ. ಒಂದು ಕೆ.ಜಿ. ಮಾಂಸಕ್ಕೆ ಕೊಡಂಪುಳಿಯ ಐದಾರು ಹೋಳು ತೊಳೆದು, ಒಂದು ಲೋಟ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನಲ್ಲಿ ಕಾಲು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸಿ. ಅದನ್ನು ಹೊಗೆಯಲ್ಲಿ ಒಣಗಿಸಿರುವುದರಿಂದ ಹೊಗೆ ವಾಸನೆ ತುಸು ಮುಂದಾಗಿಯೇ ಇರುತ್ತದೆ, ಆದ್ದರಿಂದ ಕಪ್ಪು ಪುಡಿಯನ್ನು ಅರ್ಧ ಚಮಚ ಕಡಿಮೆ ಮಾಡಿ. ಈ ರಸ ಕಾಚಂಪುಳಿಯಂತೆ ಬಾಳುವುದಿಲ್ಲ, ಬೇಕಾದಾಗ ಬೇಕಾದಷ್ಟೇ ಕುದಿಸಿಕೊಳ್ಳಿ.